ರಿಹಾಬಳ ನಿದ್ದೆಯ ಫಲಿತಾಂಶ

ಲುತ್ಫಿ ಅವರೇ,

ಇದು ನಿಮ್ಮ ಕೈ ಸೇರುವುದಿಲ್ಲವೆಂಬ ಖಾತ್ರಿಯಿರುವುದರಿಂದಲೇ ಬರೆಯುತ್ತಿದ್ದೇನೆ.

ಇಂದು ತ್ಲೆಮ್ಸೆನ್ ನಗರದ ಆಸ್ಪತ್ರೆಯಲ್ಲಿ ನನ್ನ ಪುಟ್ಟ ತಂಗಿ ರಿಹಾಬಳ ತಲೆಗೆ ತಂತಿಗಳನ್ನು ಅಂಟಿಸಿ, ಮತ್ತೊಮ್ಮೆ ಮಲಗಿಸಿ ನೋಡಿದರು. ಕಳೆದ ವರ್ಷ ಅವಳು ನಿದ್ರಿಸಿದೊಡನೆ ಮೆದುಳಿನಲ್ಲಿ ಎದ್ದು, ಕಲಿತ ಮಾತನ್ನೆಲ್ಲ ಅಳಿಸಿಹಾಕುತ್ತಿದ್ದ ಅಪಸ್ಮಾರದ ಅಲೆಗಳು ಈ ಸಲ ಕಾಣಲಿಲ್ಲ. ಸ್ಟೀರಾಯ್ಡ್ ಔಷಧದಿಂದ ಅವಳ ಮುಖ ಊದಿಕೊಂಡಿದೆ. "ಕೆನ್ನೆ ಇಳಿಯುತ್ತೆ, ಮಾತು ಉಳಿಯುತ್ತೆ, ಯೋಚಿಸ್ಬೇಡಿ" ಎಂದರು ವೈದ್ಯೆ.

ನಿಮ್ಮ ತಾಯಿ ಇದನ್ನು ಕೇಳಬೇಕಿತ್ತು. ನಮ್ಮ ನಿಶ್ಚಿತಾರ್ಥದ ಉಂಗುರವನ್ನು ಹಿಂದಕ್ಕೆ ಪಡೆಯಲು ಬಂದ ದಿನ ಅವರು, "ನೀನು ಕ್ಲಾಸಿಗೇ ಫಸ್ಟು, ಒಪ್ಕೋತೀನಿ. ಆದ್ರೆ ನಿಮ್ಮನೆ ರಕ್ತಾನೇ ಫೇಲಾಗಿದ್ಯಲ್ಲಮ್ಮ" ಎಂದು ನಕ್ಕಿದ್ದರು. ನೀವು ಚಹಾದ ಲೋಟದೊಳಗಿನ ಪುದೀನ ಎಲೆಯನ್ನು ಚಮಚದಿಂದ ಒತ್ತುತ್ತ ಕುಳಿತಿದ್ದಿರಿ. ನಿಮ್ಮಿಂದ ಒಂದು ವಾಕ್ಯವನ್ನು ಬೇಡುವಷ್ಟು ಕೆಳಗಿಳಿಯಲು ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ.

ಮರಳುವಾಗ ಬಸ್ಸಿನಲ್ಲಿ ರಿಹಾಬ್ ಎಷ್ಟೋ ತಿಂಗಳ ಬಳಿಕ ಪೂರ್ಣ ವಾಕ್ಯಗಳನ್ನಾಡಿದಳು.

"ಅಕ್ಕಾ, ಲುತ್ಫಿ ಭಾವ ಎಲ್ಲಿ? ಜ್ಲಾಬಿಯಾ ಸಿಹಿ ತರ್ತೀನಿ ಅಂದಿದ್ರಲ್ಲ."

ನೀವು ಬಿಟ್ಟುಹೋದಾಗ ಅವಳಿಗೆ ಯಾರ ಮಾತೂ ಅರ್ಥವಾಗುತ್ತಿರಲಿಲ್ಲ. ಅವಳ ಮಟ್ಟಿಗೆ ನಮ್ಮ ನಿಶ್ಚಿತಾರ್ಥ ಇನ್ನೂ ಮುರಿದಿಲ್ಲ.

ಪಕ್ಕದಲ್ಲಿ ಕುಳಿತಿದ್ದ ಅಮ್ಮ ಕಿಟಕಿಯತ್ತ ತಿರುಗಿದರು. ನೀವು ಎಂಥವರೆಂದು ಮಗುವಿಗೆ ತಿಳಿಸಲು ಬೇಕಾದ ಮಾತುಗಳೆಲ್ಲ ನನ್ನ ಬಾಯಲ್ಲಿ ಸಿದ್ಧವಾಗಿದ್ದವು.

"ತರೋಕೇ ಹೋಗಿದಾರೆ ಪುಟ್ಟಿ," ಎಂದೆ. "ಮಿಠಾಯಿ ಅಂಗಡೀಲಿ ಸಾಲು ತುಂಬಾ ಉದ್ದ ಇದೆ."