ಗಡಿ ಕಂಬದ ಕೆಳಗಿನ ತುಂಡುಗೆರೆ

ಹುಬ್ಬಳ್ಳಿ ಕೆಳಪೇಟೆ,
ಎರಡನೆಯ ಬಿಸಿಲು ತಿಂಗಳ ಹನ್ನೊಂದು, ೨೧೯೧

ತಂಗಿ ಅಕ್ಷತಾ ಹೂಲಿಗೆ,

ತಾರೀಖು ನೋಡಿ ಹೆದರಬೇಡ. ನಮ್ಮಲ್ಲಿ ಬಿಸಿಲು ತಿಂಗಳು ಎರಡು ಬರುತ್ತವೆ, ಮಳೆಯ ಹೆಸರಿನದು ಒಂದೂ ಇಲ್ಲ. ನನ್ನ ಮಾತುಗಳಲ್ಲಿ ಕೆಲವು ನಿನಗೆ ವಿಚಿತ್ರ ಅನ್ನಿಸಬಹುದು, ಹೊಟ್ಟೆಗೆ ಹಾಕಿಕೋ. ಹುಟ್ಟಿದ ಇಸವಿ ನೋಡಿದರೆ ನೀನು ನನಗಿಂತ ನೂರು ವರ್ಷಕ್ಕೂ ಮಿಕ್ಕಿ ಹಿರಿಯಳು; ಆದರೂ ತಂಗಿ ಅನ್ನುತ್ತೇನೆ. ನನಗೀಗ ಅರವತ್ತೊಂದು. ಆ ನಕ್ಷೆ ಬರೆದಾಗ ನೀನು ಕೆಲಸಕ್ಕೆ ಸೇರಿ ಬಹಳ ದಿನ ಆಗಿರಲಿಲ್ಲ ಎಂದು ನನಗೆ ಗೊತ್ತು. ಹೇಗೆ ಗೊತ್ತಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಹೂಗಾರ ಓಣಿಯ ಮಂಗಲ ಕಾರ್ಯಾಲಯದ ನಕ್ಷೆಯ ಮೂಲೆಯಲ್ಲಿ, ಬರೆದವರು ಎಂಬಲ್ಲಿ, ನಿನ್ನ ಹೆಸರಿದೆ. ಆ ಹೆಸರಿಗೆ ನಾನು ಮೂರು ತಿಂಗಳು ಬಾಯಿಗೆ ಬಂದಂತೆ ಬೈದಿದ್ದೇನೆ.

ನಾವು ನೆಲದ ಕೆಳಗೆ ಬದುಕುವ ಜನ. ಮೇಲಿನ ಊರಿನಲ್ಲಿ ಹಗಲು ಹೊತ್ತು ಯಾರೂ ನಿಲ್ಲಲಾರರು. ನಿಮ್ಮ ಕಾಲದ ಕಟ್ಟಡಗಳನ್ನು ಬಿಸಿಲಿಗೆ ಹಿಡಿದ ಕೊಡೆಯಂತೆ ಹಾಗೇ ಉಳಿಸಿಕೊಂಡು, ಅವುಗಳ ಅಡಿಯಲ್ಲಿ ಎರೆಮಣ್ಣು ದಾಟಿ ಗಟ್ಟಿ ಗರಸು ನೆಲ ಸಿಗುವವರೆಗೆ ಅಗೆದು ಕೋಣೆ ಮಾಡಿಕೊಳ್ಳುತ್ತೇವೆ. ಇದಕ್ಕೇ ಕೆಳಪೇಟೆ ಅನ್ನುವುದು. ಕನ್ನಡಿ ಕೂಡಿಸಿದ ಕೊಳವೆಗಳಲ್ಲಿ ಬೆಳಕು ಇಳಿಯುತ್ತದೆ. ರೊಟ್ಟಿ ಬಡಿಯುವ ಸದ್ದು ಮೂರು ಮನೆಯಾಚೆಗೂ ಕೇಳುತ್ತದೆ. ಯಾರ ಮನೆಗೆ ನೆಂಟರು ಬಂದಿದ್ದಾರೆಂಬುದು ಆ ಸದ್ದಿನಿಂದಲೇ ಓಣಿಗೆಲ್ಲ ತಿಳಿಯುತ್ತದೆ. ನಿಮ್ಮ ಕಂಬಗಳ ಪಾಯ ನಮ್ಮ ಮನೆಯೊಳಗೇ ನಿಂತಿರುತ್ತದೆ. ಅದಕ್ಕೆ ಒರಗಿ ಕೂರುತ್ತೇವೆ, ಅದರ ಮೇಲೆ ಉಪ್ಪಿನಕಾಯಿ ಭರಣಿ ಇಡುತ್ತೇವೆ, ತೊಟ್ಟಿಲನ್ನು ಅದರ ಮಗ್ಗುಲಿಗೇ ಕಟ್ಟುತ್ತೇವೆ. ಎಲ್ಲಿ ಅಗೆಯಬಹುದು, ಎಲ್ಲಿ ಮುಟ್ಟಬಾರದು ಎಂದು ನಿಮ್ಮ ಹಳೆಯ ನಕ್ಷೆ ಓದಿ ಹೇಳುವವಳನ್ನು ಪಾಯಗಿತ್ತಿ ಎನ್ನುತ್ತಾರೆ. ಮೂವತ್ತು ವರ್ಷ ನಾನು ಪಾಯಗಿತ್ತಿ. ನಾನು ಹೂಂ ಅನ್ನದೆ ಯಾರೂ ಗುದ್ದಲಿ ಎತ್ತುತ್ತಿರಲಿಲ್ಲ, ಅದರ ಸೊಕ್ಕೂ ನನಗೆ ಸಾಕಷ್ಟಿತ್ತು.

ನನಗೆ ಒಬ್ಬಳೇ ಮಗಳು, ಶಿವಲೀಲಾ. ಇಪ್ಪತ್ತಾರು ವರ್ಷ. ಅಗೆಯುವ ತಂಡಕ್ಕೆ ಅವಳೇ ಮೇಸ್ತ್ರಿ. ಒಂದು ಅನ್ನ ಮಾಡಲು ಬರುತ್ತಿರಲಿಲ್ಲ, ಸಾಲದ್ದಕ್ಕೆ ನನ್ನ ಸಾರಿಗೆ ಹೆಸರಿಡುತ್ತಿದ್ದಳು. ಮಂಗಲ ಕಾರ್ಯಾಲಯದ ಕೆಳಗೆ ಹನ್ನೆರಡು ಮನೆ ಮಾಡುವ ಕೆಲಸ ಬಂತು. ನನ್ನ ಕೈಯಲ್ಲಿದ್ದದ್ದು ನಿನ್ನ ಹಾಳೆಯ ಪ್ರತಿ. ಅದರಲ್ಲಿ ಕಂಬಗಳಿದ್ದವು, ಗೋಡೆಗಳಿದ್ದವು, ಊಟದ ಹಾಲಿನ ಕೈತೊಳೆಯುವ ಬೇಸಿನ್ ಕೂಡ ಇತ್ತು. ನೆಲದ ಕೆಳಗಿನದು ಏನೂ ಇರಲಿಲ್ಲ. ಕಂಬದ ಬುಡಕ್ಕೆ ಪಾಯ ಇದ್ದೇ ಇರುತ್ತದೆಂದು ನಾನು ಪ್ರತಿ ಕಂಬದ ಸುತ್ತ ನಾಲ್ಕು ಅಡಿ ಬಿಟ್ಟು ಗುರುತು ಹಾಕಿಕೊಟ್ಟೆ. ಉಳಿದದ್ದು ಬರೀ ಬಿಳಿ ಕಾಗದ. ಬಿಳಿ ಇದ್ದಲ್ಲಿ ಬರೀ ಮಣ್ಣು ಎಂದು ಓದುವುದು ನಮ್ಮ ರೂಢಿ.

ಮೂಡಣ ಗಡಿಯ ಕಂಬದ ಹತ್ತಿರ ಅವಳ ಗುದ್ದಲಿಗೆ ಕಾಂಕ್ರೀಟ್ ತಾಗಿತು. ಮೇಲೆ ಕಾರ್ಯಾಲಯದೊಳಗೆ ಹಾಳೆ ಹಿಡಿದು ಕೂತಿದ್ದ ನನ್ನನ್ನು ಮಾತಿನ ಕೊಳವೆಯಲ್ಲಿ ಕೂಗಿದಳು: "ಅವ್ವಾ, ಇಲ್ಲೊಂದು ಬೀಮ್ ಹತ್ತೈತಿ. ನಿನ್ನ ಹಾಳ್ಯಾಗ ಐತೇನು ನೋಡು."

"ಇಲ್ಲ ಬಿಡು. ಯಾವಾಗಿಂದೋ ಸುರುವಿದ್ದ ಕಾಂಕ್ರೀಟ್ ಇರಬೇಕು. ಕೊಯ್ದು ಒಗಿ."

"ಇನ್ನೊಮ್ಮೆ ನೋಡವ್ವಾ. ಸುರುವಿದ್ದು ಇಷ್ಟು ನೆಟ್ಟಗ ಇರ್ತೈತೇನು?"

"ಹಾಳ್ಯಾಗ ಇಲ್ಲಂದ್ರ ಇಲ್ಲ. ಮೂವತ್ತು ವರ್ಷ ನಾ ಏನು ಮಣ್ಣು ತಿಂದೀನೇನು?"

ಹೀಗೆ ಅಂದೆ, ತಂಗಿ. ಇದೇ ಬಾಯಿಂದ ಅಂದೆ.

ನಿನಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ. ಗಡಿಯಾಚೆ ಬೇರೆಯವರ ಜಾಗ. ಹಾಗಾಗಿ ಗಡಿ ಕಂಬದ ಪಾಯ ಆಚೆಗೆ ಚಾಚುವಂತಿಲ್ಲ, ಒಂದೇ ಮಗ್ಗುಲಿಗೆ ಕೂತಿರುತ್ತದೆ. ಅದು ವಾಲದಂತೆ ಒಳಗಿನ ಕಂಬದ ಪಾಯಕ್ಕೆ ಒಂದು ಬೀಮಿನಿಂದ ಕಟ್ಟಿಹಾಕಿರುತ್ತಾರೆ. ಲೀಲಾ ಕೊಯ್ದದ್ದು ಅದನ್ನೇ. ಕೊಯ್ದ ಮೇಲೆ ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಮಣ್ಣು ಉದುರುವ ಸದ್ದು ಮೊದಲು ಕೇಳಿದ್ದು ಅವಳಿಗೇ ಅಂತೆ. ಜೊತೆಯ ಐವರನ್ನೂ ಏಣಿ ಹತ್ತಿಸಿದಳು. ಅವಳ ಸರದಿ ಬರುವ ಹೊತ್ತಿಗೆ ಕಂಬ ವಾಲಿತು, ಮಣ್ಣೆಲ್ಲ ಅವಳ ಮೇಲೆ ಕುಸಿಯಿತು. ಹೆಣ ತೆಗೆಯಲು ಹೋದರೆ ಮೇಲಿನ ಗೋಡೆ ಇಡಿಯಾಗಿ ಬರುತ್ತದೆ ಎಂದರು. ಅವಳನ್ನು ಅಲ್ಲೇ ಬಿಟ್ಟು ಗರಸು ತುಂಬಿ ಮುಚ್ಚಿದರು. ನನಗೆ ಅವಳ ಮುಖವನ್ನೂ ತೋರಿಸಲಿಲ್ಲ.

ಮೂರು ತಿಂಗಳಾದ ಮೇಲೆ ಹಳೆಯ ಕಡತಗಳ ಭಂಡಾರಕ್ಕೆ ಅರ್ಜಿ ಹಾಕಿ ನಿನ್ನ ಮೂಲ ಫೈಲ್ ತರಿಸಿದೆ. ಮೊದಲೇ ತರಿಸಬಹುದಿತ್ತು, ಹನ್ನೊಂದು ದಿನ ಕಾಯಬೇಕಲ್ಲ ಎಂದು ಬಿಟ್ಟಿದ್ದೆ. ನಿನ್ನ ತಪ್ಪು ಹಿಡಿದು ಜಾಡಿಸಬೇಕೆಂದೇ ಅದನ್ನು ತೆರೆದೆ. ನೆಲದಿಂದ ಎಷ್ಟು ಆಳದವರೆಗೆ ಹಾಳೆಯಲ್ಲಿ ಕಾಣಿಸಬೇಕು ಎಂದು ಕಂಪ್ಯೂಟರಿಗೆ ಹೇಳುವ ಒಂದು ಜಾಗ ಇದೆಯಲ್ಲ, ಅಲ್ಲಿ ಸೊನ್ನೆ ಇತ್ತು. ನಾನು ಎಂಟು ಅಡಿ ಎಂದು ಹಾಕಿದೆ. ಅಯ್ಯೋ ತಂಗಿ, ಎಲ್ಲವೂ ಇತ್ತು! ಹದಿನೆಂಟು ಕಂಬಕ್ಕೆ ಹದಿನೆಂಟು ಪಾಯ, ಗಡಿಯ ಬೀಮು, ಅದರೊಳಗಿನ ಸರಳುಗಳು ಕೂಡ. ಎಷ್ಟು ಅಚ್ಚುಕಟ್ಟಾಗಿ ಕೂಡಿಸಿದ್ದೀಯೆ! ನೋಡುತ್ತ ನೋಡುತ್ತ ಬಿಕ್ಕಿ ಬಿಕ್ಕಿ ಅತ್ತೆ. ಮರೆಯಲ್ಲಿರುವುದನ್ನು ತುಂಡು ತುಂಡು ಗೆರೆಯಲ್ಲಿ ತೋರಿಸುವ ಪದ್ಧತಿ ನಿಮ್ಮ ಕಾಲಕ್ಕೂ ಇತ್ತು. ಹಾಳೆಯ ಹೊರಗೆ, ಪ್ರಿಂಟಿಗೆ ಬಾರದ ಮೂಲೆಯಲ್ಲಿ, ನೀನು ಸಣ್ಣ ಅಕ್ಷರದಲ್ಲಿ ಬರೆದುಕೊಂಡದ್ದೂ ಸಿಕ್ಕಿತು: "ಕೆಳಗಿನದು ತುಂಡುಗೆರೆಯಲ್ಲಿ ತೋರಿಸಬೇಕಾ? ಸರ್‌ಗೆ ಕೇಳಬೇಕು."

ನೀನು ಹೊಸಬಳು ಎಂದು ನನಗೆ ತಿಳಿದದ್ದು ಹೀಗೆ. ಕೇಳಿದೆಯೋ, ಕೇಳಲು ಅಂಜಿದೆಯೋ, ಹಾಳೆ ಗಿಜಿಗಿಜಿ ಆಗುತ್ತದೆ ಬೇಡ ಬಿಡಮ್ಮ ಎಂದು ಸರ್ ಅಂದರೋ, ನನಗೆ ಗೊತ್ತಿಲ್ಲ. ಅಂದಿನಿಂದ ನಿನಗೆ ಬೈಯುವುದನ್ನು ಬಿಟ್ಟೆ. ನಿನಗೂ ಅನುಮಾನ ಬಂದಿತ್ತು, ಲೀಲಾಳಿಗೂ ಬಂದಿತ್ತು. ನಿನಗೆ ಯಾರು ಏನು ಉತ್ತರ ಕೊಟ್ಟರೋ. ನನ್ನ ಮಗಳಿಗೆ ಉತ್ತರ ಕೊಟ್ಟವಳು ನಾನು.

ಈ ಪತ್ರ ನಿನಗೆ ಮುಟ್ಟುವ ದಾರಿಯಿಲ್ಲ ಎಂದು ಗೊತ್ತು. ಆದರೂ ಕೈಮುಗಿದು ಕೇಳುತ್ತೇನೆ. ಆ ಹಾಳೆಯನ್ನು ಪ್ರಿಂಟಿಗೆ ಕೊಡುವ ಮುಂಚೆ ಸರ್‌ಗೆ ಕೇಳು. ಬೇಡ ಎಂದರೆ ಮತ್ತೆ ಕೇಳು. ಲೀಲಾ ಎರಡು ಸಲ ಕೇಳಿದಳು, ಸಾಲಲಿಲ್ಲ. ನೀನು ಮೂರು ಸಲ ಕೇಳವ್ವ. ಆಗಲೂ ಬೇಡ ಎಂದರೆ ಅವರು ಊಟಕ್ಕೆ ಹೋದಾಗ ಆ ಸೊನ್ನೆ ಅಳಿಸಿ ಎಂಟು ಹಾಕಿಬಿಡು. ಬೈದರೆ ಬೈಯಲಿ.

ನಾನು ಈಗ ಪಾಯ ಓದುವುದಿಲ್ಲ. ಕೊನೆಯದಾಗಿ ಆ ಕಟ್ಟಡದ ನಕ್ಷೆಯನ್ನು ಹೊಸದಾಗಿ ಬರೆದುಕೊಟ್ಟೆ. ನಿನ್ನ ಪಾಯಗಳನ್ನೆಲ್ಲ ತುಂಡುಗೆರೆಯಲ್ಲಿ ಕಾಣುವಂತೆ ಮಾಡಿದ್ದೇನೆ, ಬರೆದವರು ಎಂಬಲ್ಲಿ ನಿನ್ನ ಹೆಸರನ್ನೇ ಉಳಿಸಿದ್ದೇನೆ. ಗಡಿ ಕಂಬದಿಂದ ಒಂಬತ್ತು ಅಡಿ ಒಳಗೆ, ಐದು ಅಡಿ ಎರಡು ಅಂಗುಲ ಉದ್ದಕ್ಕೆ, ನಾನೇ ಹಾಕಿದ ಇನ್ನೊಂದು ತುಂಡುಗೆರೆ ಇದೆ. ತಪಾಸಣೆಯವರು ಇದು ಯಾವ ಪಾಯ ಎಂದು ಕೇಳಿದರು. ಪಾಯವಲ್ಲ, ಇಲ್ಲಿ ನನ್ನ ಮಗಳಿದ್ದಾಳೆ, ಅಗೆಯಬೇಡಿ ಎಂದೆ.

ಇಂತಿ,
ಪಾರವ್ವ ನವಲಗುಂದ
ಲೀಲಾನ ಅವ್ವ