ಹೆಬ್ಬೆರಳಿನ ಅಳತೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೈ ಹೇಗಿದೆ? ಹೊಲಿಗೆ ಬಿಚ್ಚಿದ ಜಾಗ ಇನ್ನೂ ಎಳೆಯುತ್ತದೆಯೇ? ಆ ಡಾಕ್ಟರ ಹೊಲಿಗೆ ನೋಡಿದ್ದೆ. ನನ್ನ ಟೈಲರ್ ಅಂಗಡಿಯಲ್ಲಿ ಯಾರಾದರೂ ಹಾಗೆ ಹಾಕಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದೆ. ನಿನ್ನ ಬಲಗೈ ಹೆಬ್ಬೆರಳು ಜಜ್ಜಿದ ಆ ಬಸ್ಸಿನ ಬಾಗಿಲನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಲ್ಲಿ ಚಿಕ್ಕಮ್ಮನಿಗೆ ಕೆಲಸ ಹೇಳಲು ಸಂಕೋಚಪಡಬೇಡ, ತಲೆ ಬಾಚುವುದಿದ್ದರೂ ಹೇಳು. ಅವಳು ಚಿಕ್ಕವಳಿದ್ದಾಗ ನಿನ್ನ ಅಮ್ಮನ ಕೈಲಿ ಬೇಕಾದಷ್ಟು ಬಾಚಿಸಿಕೊಂಡಿದ್ದಾಳೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಅವಳ ಬಾಯಿಯೂ ಇದ್ದ ಹಾಗೇ ಇದೆ. ಫೋನಿದ್ದೂ ಕಾಗದವೇಕೆ ಎಂದು ಕೇಳುತ್ತೀಯ. ಒಂದು ವಿಷಯ ಫೋನಿನಲ್ಲಿ ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಇಲ್ಲಿನ ಸೆಕೆಯ ಮಾತಾಡಿ ಇಟ್ಟುಬಿಡುತ್ತಿದ್ದೇನೆ.

ಮೊದಲು ಸುದ್ದಿ. ನಾನು ಬಿಲ್ಲು ಹಿಡಿದಿದ್ದೇನೆ. ನಗಬೇಡ. ಕೈಯ ಚಿಕಿತ್ಸೆಗೆ ನೀನು ಚಿಕ್ಕಮ್ಮನ ಊರಿಗೆ ಹೋದ ಮೇಲೆ ಮೈದಾನದಲ್ಲಿ ಉಳಿದಿದ್ದ ನಿನ್ನ ಬಾಣಗಳನ್ನು ತರಲು ಹೋಗಿದ್ದೆ. ನಿಮ್ಮ ಬಿಲ್ಲಿನ ಮೇಷ್ಟ್ರು, ನೀವೆಲ್ಲ ಹಿಂದಿನಿಂದ ನಿಧಾನಪ್ಪ ಅನ್ನುತ್ತೀರಲ್ಲ, ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಂದಿದ್ದೀರಲ್ಲ, ಒಂದ್ಸಲ ಎಳೆದು ನೋಡಿ" ಅಂದರು. ಎಳೆದೆ. ಹೆದೆ ಕಿವಿಯವರೆಗೆ ಬರಬೇಕಾದದ್ದು ಮೂಗಿನ ಹತ್ತಿರವೇ ನಿಂತಿತು. ಬಾಣ ಹುಲ್ಲಿನ ಗುರಿಯನ್ನು ಬಿಟ್ಟು ಬೇಲಿಯ ಮೇಲೆ ಒಣಗುತ್ತಿದ್ದ ಯಾರದೋ ಬೆಡ್‌ಶೀಟಿಗೆ ಚುಚ್ಚಿತು. ಅದನ್ನು ಅಂಗಡಿಗೆ ಹೊತ್ತು ತಂದು ರಫೂ ಮಾಡಿಕೊಟ್ಟೆ. ಅಲ್ಲಿಂದ ಹಿಡಿಯಿತು ನೋಡು ಹುಚ್ಚು. ಬಾಣದ ಬಿದಿರಿನ ಸೊಟ್ಟ ತೆಗೆಯಲು ಕೆಂಡದ ಮೇಲೆ ಕಾಯಿಸಿ ಬಗ್ಗಿಸಬೇಕು ಎಂದು ಮೇಷ್ಟ್ರು ಹೇಳಿಕೊಟ್ಟರೆ, ನಾನು ಜಾಣತನ ಮಾಡಿ ಇಸ್ತ್ರಿಪೆಟ್ಟಿಗೆ ಇಟ್ಟೆ. ಒಂದು ಮಾತ್ರ ಪ್ಯಾಂಟಿನ ಮಡಿಕೆಯ ಹಾಗೆ ನೆಟ್ಟಗಾಯಿತು, ಉಳಿದವು ಒಲೆಗೆ ಹೋದವು. ಗರಿ ಕಟ್ಟುವುದರಲ್ಲಿ ಮಾತ್ರ ನನಗೆ ಯಾರೂ ಪಾಠ ಹೇಳಬೇಕಿಲ್ಲ, ದಾರ ಸುತ್ತುವುದು ನನ್ನ ಕಸುಬೇ ತಾನೇ. ನೀನು ಮಾಡಿದ ಬಿಲ್ಲಿಗೆ ಒಂದು ಗೀರೂ ಬಿದ್ದಿಲ್ಲ. ಬೀರುವಿನ ಮೇಲೆ ವರ್ಷವಿಡೀ ಒಣಗಿ, ಪದರಗಳನ್ನು ಕೂಡಿಸಿದ ಮೀನಿನ ಅಂಟಿನ ವಾಸನೆಗೆ ಅಮ್ಮ ಮೂಗು ಮುಚ್ಚಿಕೊಂಡು ಓಡಾಡುವಂತೆ ಮಾಡಿತ್ತಲ್ಲ, ಅದರಲ್ಲೇ ಹೊಡೆಯುತ್ತಿದ್ದೇನೆ.

ಈಗ ಉಂಗುರದ ವಿಷಯ. ನಿಮ್ಮ ಪದ್ಧತಿಯಲ್ಲಿ ಹೆದೆಯನ್ನು ಹೆಬ್ಬೆರಳಿನಿಂದ ಎಳೆಯಬೇಕಲ್ಲ, ಬೆರಳು ಕೊಯ್ಯದಿರಲಿ ಎಂದು ಮೇಷ್ಟ್ರು ನನಗೊಂದು ಚರ್ಮದ ಉಂಗುರ ಕೊಟ್ಟಿದ್ದರು. ಅದು ನನಗೆ ಧಾರಾಳವಾಗಿ ಸಾಕಿತ್ತು. ಆದರೆ ನಿನ್ನ ಮೇಜಿನ ಖಾನೆಯಲ್ಲಿ ನೀನು ಎಮ್ಮೆಯ ಕೊಂಬಿನಲ್ಲಿ ಕೊರೆದ ಉಂಗುರ ಇತ್ತು. ಒಂದು ಇಡೀ ಬೇಸಿಗೆ ಅದನ್ನು ಉಜ್ಜಿದ್ದೆ ನೀನು. ಊಟದ ತಟ್ಟೆಯ ಪಕ್ಕದಲ್ಲೂ ಅರ ಇಟ್ಟುಕೊಂಡು, ಹಾಕಿ ನೋಡಿ, ತೆಗೆದು, ಮತ್ತೆ ಉಜ್ಜಿ. ಸಡಿಲವಾದರೆ ಬಾಣದ ಜೊತೆ ಉಂಗುರವೂ ಹಾರುತ್ತದೆ, ಬಿಗಿಯಾದರೆ ಬೆರಳು ನೀಲಿಯಾಗುತ್ತದೆ ಎಂದು ನೀನೇ ನನಗೆ ವಿವರಿಸಿದ್ದೆ. ಅದನ್ನು ನಾನು ಹಾಕಿಕೊಳ್ಳಲು ನೋಡಿದೆ, ಗೆಣ್ಣು ದಾಟಲಿಲ್ಲ. ದುಂಡನೆಯ ಅರ ತೆಗೆದುಕೊಂಡು ಒಳಗೆ ಉಜ್ಜಿದೆ. ಸೊಗಸಾಗಿ ಕೂತಿತು. ಆ ವಾರವೇ ನನ್ನ ಬಾಣ ಗುರಿಗೆ ಬಿತ್ತು. ಬೆನ್ನು ತಟ್ಟಲು ಬಂದ ಮೇಷ್ಟ್ರು ನನ್ನ ಬೆರಳು ನೋಡಿ, "ಇದು ಅವಳದ್ದಲ್ವಾ?" ಅಂದರು. ಕೈ ಹಿಂದಕ್ಕೆ ತೆಗೆದುಕೊಂಡು ಬೇರೆಯವರ ಕಡೆ ಹೋದರು.

ಅದಾದ ಮೇಲೆ ನಿನ್ನ ಫೋನು ಬಂತು. "ಅಪ್ಪಾ, ನನ್ನ ಉಂಗುರ ಕಳಿಸ್ತೀಯಾ? ಹೆಬ್ಬೆರಳು ಸ್ವಲ್ಪ ಸ್ವಲ್ಪ ಮಡಚೋಕೆ ಬರ್ತಿದೆ, ಹಾಕ್ಕೊಂಡು ಅಭ್ಯಾಸ ಮಾಡ್ತೀನಿ." ಹುಡುಕುತ್ತೇನೆ ಅಂದೆ. ಹುಡುಕುವುದೇನು ಬಂತು, ಆಗ ಅದು ನನ್ನ ಬೆರಳಲ್ಲೇ ಇತ್ತು. ಬಟ್ಟೆಯಾದರೆ ಒಳಗೆ ಬೆರಳಗಲ ಬಿಟ್ಟೇ ಹೊಲಿಯುತ್ತೇನೆ, ಬೇಕಾದಾಗ ಹಿಗ್ಗಿಸಬಹುದು, ಕುಗ್ಗಿಸಬಹುದು. ಕೊಂಬಿನಲ್ಲಿ ಉಜ್ಜಿದ್ದು ಉಜ್ಜಿದ್ದೇ. ಪುಡಿಯನ್ನು ಅಮ್ಮ ಗುಡಿಸಿ ಹಾಕಿದಳು. ಒಳಗೊಂದು ಚರ್ಮದ ಪಟ್ಟಿ ಅಂಟಿಸಿ, ಏನೂ ಆಗಿಲ್ಲವೆಂಬಂತೆ ಕಳಿಸಿಬಿಡೋಣ ಅಂತಲೂ ಯೋಚಿಸಿದೆ. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ತಪ್ಪು ಮಾಡಿದೆ ಮಗಳೇ. ಕೇಳದೆ ಮುಟ್ಟಬಾರದಿತ್ತು.

ಚಿಕ್ಕಮ್ಮ, ಚಿಕ್ಕಪ್ಪನಿಗೆ ನಮ್ಮ ನೆನಪು ಹೇಳು. ಅಮ್ಮ ಅಲ್ಲಿನ ಚಳಿಗೆ ಹೊದಿಕೆ ಸಾಲುತ್ತದೆಯೇ ಎಂದು ಕೇಳುತ್ತಿದ್ದಾಳೆ. ನಿನ್ನ ಕೈ ಬೇಗ ನಿನ್ನ ಮಾತು ಕೇಳುವಂತಾಗಲಿ ಎಂದು ಹರಸುವ,

ನಿನ್ನ ಅಪ್ಪ

ತಾ.ಕ.: ಅಂಚೆಗೆ ಹಾಕಲು ಹೊರಟವನು ಬಾಗಿಲಿಂದ ವಾಪಸು ಬಂದು, ಚಪ್ಪಲಿಯನ್ನೂ ಬಿಡದೆ ಬರೆಯುತ್ತಿದ್ದೇನೆ. ಬರೆಯಬೇಕಾದದ್ದನ್ನೇ ಬರೆದಿಲ್ಲ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಅವರ ಅಂಗಿಗಳನ್ನು ಮಗನ ಅಳತೆಗೆ ಮಾಡಿಕೊಡಿ ಎಂದು ಜನ ನನ್ನ ಅಂಗಡಿಗೆ ತರುತ್ತಾರೆ. ತಿರುಗಿ ಬಂದು ಹಾಕಿಕೊಳ್ಳುವವರ ಬಟ್ಟೆಯನ್ನು ಯಾರೂ ಹಾಗೆ ಮಾಡಿಸುವುದಿಲ್ಲ. ಇಷ್ಟು ವರ್ಷ ಅದೇ ಕೆಲಸ ಮಾಡಿದವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿದ್ದೇ ಉಂಗುರಕ್ಕೆ ಅರ ಹಾಕಿದೆ. ಆ ಹೆಬ್ಬೆರಳು ಇನ್ನು ಬಿಲ್ಲು ಎಳೆಯುವುದಿಲ್ಲ ಎಂದು ಡಾಕ್ಟರು ಹೇಳಿರಲಿಲ್ಲ, ನಾನೇ ತೀರ್ಮಾನಿಸಿಬಿಟ್ಟಿದ್ದೆ. ಹೊಸ ಕೊಂಬಿನ ತುಂಡು ತಂದಿದ್ದೇನೆ. ಈ ಲಕೋಟೆಯಲ್ಲಿ ದಾರ ಇಟ್ಟಿದ್ದೇನೆ, ಹೆಬ್ಬೆರಳಿನ ಗೆಣ್ಣಿಗೆ ಸುತ್ತಿ, ತುದಿ ಸೇರುವಲ್ಲಿ ಪೆನ್ನಿನಿಂದ ಗುರುತು ಹಾಕಿ ಕಳಿಸು. ಅಪ್ಪನಿಗೆ ನೋವಾಗದಿರಲಿ ಎಂದು ಎಡಗೈಯ ಅಳತೆ ಕಳಿಸಿಬಿಡುವವಳು ನೀನು. ಹಾಗೆ ಮಾಡಬೇಡ. ಬಾತಿರಲಿ, ಸೊರಗಿರಲಿ, ನನಗೆ ಬಲಗೈಯದೇ ಬೇಕು.