ಅಜ್ಜಿ ಆರಿಸಿಟ್ಟ ಬುಟ್ಟಿ

ಮಾರ್ಚ್ ೧೧, ಬುಧವಾರ

ಎಷ್ಟು ತೊಳೆದರೂ ಕೈಯಿಂದ ಸಿಗಡಿಯ ವಾಸನೆ ಹೋಗುತ್ತಿಲ್ಲ. ದಿನವೂ ಇರುವ ವಾಸನೆಯೇ, ಇವತ್ತು ಹಂಗಿಸುವಂತಿದೆ.

ಎರಡು ವರ್ಷದಿಂದ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪರವಾಗಿ ಬಂದರಿನಲ್ಲಿ ಕೂತು, ದೋಣಿಗಳು ತಂದ ಸಿಗಡಿಯ ಉದ್ದ ಅಳೆದು ಬರೆಯುತ್ತಿದ್ದೇನೆ. ಅಳೆಯಲು ನನಗೆ ಬುಟ್ಟಿ ತುಂಬಿ ಕೊಡುವವರು ಅಲ್ಲಿ ಸಿಗಡಿ ಬೇರ್ಪಡಿಸುವ ಅಜ್ಜಿ. ಇವತ್ತು ಅವರು ಚಹಾಕ್ಕೆ ಹೋಗಿದ್ದರು. ನಾನೇ ರಾಶಿಗೆ ಕೈ ಹಾಕಿ ತುಂಬಿಕೊಂಡೆ. ಅರ್ಧಕ್ಕರ್ಧ ಕಿರುಬೆರಳಿನಷ್ಟೂ ಇಲ್ಲದ ಮರಿಗಳು.

ಅಜ್ಜಿ ಓಡಿ ಬಂದು ಬುಟ್ಟಿ ಕಿತ್ತುಕೊಂಡರು. "ಅಯ್ಯೋ, ಆ ಕಸ ಯಾಕೆ ಮುಟ್ತೀಯ ಮಗಳೇ? ನಿನಗೆ ಅಂತ ದಿನಾ ದೊಡ್ಡದೇ ಆರಿಸಿ ಇಡ್ತೀನಲ್ಲ!"

ದಿನಾ. ಎರಡು ವರ್ಷ.

ನನ್ನ ಅಳತೆ ನಂಬಿಯೇ ಸರ್ಕಾರದ ಮೀನುಗಾರಿಕೆ ಸಮಿತಿಯವರು, ಸಿಗಡಿ ಚೆನ್ನಾಗಿ ಬೆಳೆಯುತ್ತಿದೆ ಎಂದು, ಮರಿಗಳು ಬೆಳೆಯಲೆಂದು ಮೀನುಗಾರಿಕೆ ನಿಲ್ಲಿಸುವ ಅವಧಿಯಲ್ಲಿ ಇಪ್ಪತ್ತು ದಿನ ಕಡಿತ ಮಾಡಿದ್ದು. ಹೋದ ವಾರ ಆದೇಶ ಹೊರಬಿದ್ದಾಗ ದೋಣಿಯವರು ನನಗೆ ಕೈಮುಗಿದಿದ್ದರು.

ಸಂಜೆ ನಮ್ಮ ಸಂಸ್ಥೆಯ ನಿರ್ದೇಶಕರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಸಹಿ ಬಿದ್ದಾಯ್ತಮ್ಮ. ಈಗ ಬಂದು ಅಡಗೂಲಜ್ಜಿ ಕಥೆ ಹೇಳಿದ್ರೆ ಯಾರು ಕೇಳ್ತಾರೆ?" ಅಂದು ಫೋನ್ ಇಟ್ಟರು.

ಅಜ್ಜಿಯ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಬರುತ್ತಿಲ್ಲ. ರಾಶಿಯಿಂದ ಕಣ್ಣುಮುಚ್ಚಿ ತೆಗೆಯಬೇಕು ಎಂದು ಹೊಸಬರಿಗೆ ಪಾಠ ಹೇಳುವವಳು ನಾನು. ನನ್ನ ಮೇಲೆ ಬೇಕಾದಷ್ಟು ಬರುತ್ತಿದೆ. ಅದರಿಂದ ಒಂದು ಮರಿಯೂ ಬೆಳೆಯುವುದಿಲ್ಲ.

ಒಂದನ್ನು ನಿರ್ದೇಶಕರಿಗೂ ಹೇಳಲಿಲ್ಲ. ಬುಟ್ಟಿ ಕಿತ್ತುಕೊಂಡ ಮೇಲೆ ಅಜ್ಜಿ ಅದನ್ನು ಬದಲಿಸಿ ತಂದು ಮುಂದಿಟ್ಟರು, ಒಂದೊಂದೂ ಅಂಗೈ ಉದ್ದ. ಅವರ ಮುಖ ನೋಡಿದೆ. ಕೂತು ಅಳೆದೆ. ಬರೆದುಕೊಂಡೆ ಕೂಡ.